ಏಳು ಟೋಕನ್ನಿನ ಲಂಚ

"ನನ್ನ ಬೆಲೆ ಬರೀ ಏಳಾ?" ವ್ಯಾಲೆಂಟೈನ್ ಮೊಬೈಲನ್ನು ಊಟದ ಮೇಜಿಗೆ ಕುಕ್ಕಿದ. ಹರಿವೆ ಪಲ್ಯದ ಬೋಗುಣಿ ಬೆಚ್ಚಿ ಪಕ್ಕಕ್ಕೆ ಸರಿಯಿತು.

ಬೆಳಿಗ್ಗೆ ಚರ್ಚಿನಲ್ಲಿ ತೆನೆ ಹಬ್ಬದ ಪೂಜೆ ಮುಗಿಯುವ ಹೊತ್ತಿಗೆ ಅವನ ಜೇಬಿನಲ್ಲಿ ಮೊಬೈಲ್ ಕುಣಿದಿತ್ತು. ಯಾರೋ ಅವನ ಖಾತೆಗೆ ಏಳು ಟೋಕನ್, ಎಂದರೆ ಏಳು ಡಿಜಿಟಲ್ ನಾಣ್ಯ, ಹಾಕಿದ್ದರು. ಹೆಸರಿಲ್ಲ, ಸಂದೇಶವಿಲ್ಲ. ಕಳುಹಿಸಿದವರ ಜಾಗದಲ್ಲಿ ನಲವತ್ತು ಅಕ್ಷರಗಳ ಒಂದು ಉದ್ದ ಬಾಲ, ಅಷ್ಟೇ.

ಇಪ್ಪತ್ತಾರು ವರ್ಷ ಗಲ್ಫಿನಲ್ಲಿ ಕ್ರೇನ್ ಓಡಿಸಿ ಕಾಪುವಿಗೆ ಮರಳಿದ ಮೇಲೆ ವ್ಯಾಲೆಂಟೈನ್ ಹಿಡಿದ ಉದ್ಯೋಗ ಸ್ಟೇಕಿಂಗ್ ಒಂದೇ. ಟೋಕನ್‌ಗಳನ್ನು ಇಂಟರ್ನೆಟ್ಟಿನ ಒಂದು ಜಾಲದಲ್ಲಿ ಕಟ್ಟಿಹಾಕುವುದು, ಅದಕ್ಕೆ ಬರುವ ಪ್ರತಿಫಲ ತೆಗೆದುಕೊಳ್ಳುವುದು, ಜಾಲ ಹೇಗೆ ನಡೆಯಬೇಕೆಂಬ ಪ್ರಸ್ತಾವಗಳಿಗೆ ಓಟು ಹಾಕುವುದು. ಮೊದಲ ವರ್ಷದ ಉಮೇದಿನಲ್ಲಿ, ಕ್ರಿಸ್ಮಸ್ ಊಟಕ್ಕೆ ಬಂದವರನ್ನೆಲ್ಲ ಹಿಡಿದು ಕೂರಿಸಿ ಖಾತೆ ತೆರೆದುಕೊಟ್ಟಿದ್ದ. ಈಗ ಅವನು ಓಟಿನಲ್ಲಿ ಗೆದ್ದು ಬಂದ ಐವರು ಕಾವಲುಗಾರರಲ್ಲಿ ಒಬ್ಬ. ಸಂಶಯದ ಖಾತೆಗೆ ಬೀಗ ಹಾಕುವ ಅಧಿಕಾರ ಆ ಐವರದ್ದು. ಮೂರು ಓಟು ಬಿದ್ದರೆ ಖಾತೆ ಇಪ್ಪತ್ತೊಂದು ದಿನ ಬಂದ್.

ಹೆಂಡತಿ ಗ್ಲ್ಯಾಡಿಸಳಿಗೆ ಇದೆಲ್ಲ ತಮಾಷೆ. ಕಿಟಕಿಗೆ ಯಾವ ಪರದೆ ಎಂದು ಕೇಳಿದರೆ ಬಾಯಿ ಬಿಡದ ಮನುಷ್ಯ ಲೋಕಕ್ಕೆಲ್ಲ ಓಟು ಹಾಕುತ್ತಾನೆ ಎಂದು ಅವಳು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಳು.

ವ್ಯಾಲೆಂಟೈನನಿಗೆ ಮಾತ್ರ ತಮಾಷೆಯಾಗಿರಲಿಲ್ಲ. ಬರುವ ಭಾನುವಾರ ಕಾವಲುಗಾರರ ಮರುಚುನಾವಣೆ. ಜಾಲದಲ್ಲಿ ಯಾರು ಯಾರಿಗೆ ಎಷ್ಟು ಕೊಟ್ಟರೆಂದು ಇಡೀ ಪ್ರಪಂಚಕ್ಕೆ ಕಾಣುತ್ತದೆ. ಪ್ರತಿಫಲವನ್ನು ಶೇಕಡಾ ಹನ್ನೆರಡರಿಂದ ಎಂಟಕ್ಕೆ ಇಳಿಸುವ ಪ್ರಸ್ತಾವ ಬೇರೆ ಈ ವಾರ ಓಟಿಗಿತ್ತು. ಅದನ್ನು ವಿರೋಧಿಸಿ ದೊಡ್ಡ ಗಂಟಲಲ್ಲಿ ಕೂಗುತ್ತಿದ್ದವನೇ ಅವನು. ಈಗ ಲಂಚ ತಿಂದ ಎಂದು ಯಾರಾದರೂ ಎತ್ತಿ ತೋರಿಸಿದರೆ ಕುರ್ಚಿಯೂ ಹೋಯಿತು, ಮಾನವೂ ಹೋಯಿತು.

ಅವನು ಕೈ ತೊಳೆದು ಎದ್ದ. ಗ್ಲ್ಯಾಡಿಸ್ ಆಗ ಚರ್ಚಿನಿಂದ ತಂದ ಹೊಸ ತೆನೆಯ ನಾಲ್ಕು ಕಾಳುಗಳನ್ನು ಲಕೋಟೆಗೆ ಹಾಕುತ್ತಿದ್ದಳು. ಮಗ ಜೋಯ್‌ಸ್ಟನ್ ದೋಹಾದಲ್ಲಿದ್ದಾನೆ. ದೂರ ಇದ್ದವರಿಗೂ ಹೊಸ ಬೆಳೆಯ ಪಾಲು ಮುಟ್ಟಬೇಕು.

"ತೆನೆ ಹಬ್ಬದ ದಿನ ಅರ್ಧ ಊಟದಲ್ಲಿ ಏಳುವುದಾ?" ಎಂದಳು.

"ಮೀನು ಮುಟ್ಟಬಾರದ ಈ ಹಬ್ಬದ ಊಟ ಅರ್ಧವಾದರೆಂತ, ಪೂರ್ತಿಯಾದರೆಂತ."

ಕಾಪುವಿನಿಂದ ಪರ್ಕಳಕ್ಕೆ ಸ್ಕೂಟರು ಓಡಿಸುವಾಗ ದಾರಿಯುದ್ದಕ್ಕೂ ಶತ್ರುಗಳನ್ನು ನೆನಪು ಮಾಡಿಕೊಂಡ. ಮಾತು ಬಿಟ್ಟವರ ಪಟ್ಟಿ ಉದ್ದವಿತ್ತು. ಪಕ್ಕದ ಮನೆಯ ಮ್ಯಾಥ್ಯೂ ಇದ್ದ, ಕಾರ್ಕಳದ ತಂಗಿ ರೋಸಿ ಇದ್ದಳು, ಮೊಬೈಲ್ ಅಂಗಡಿಯ ವಿಠಲ ಇದ್ದ, ಇಬ್ಬರು ಬಸ್ ಕಂಡಕ್ಟರುಗಳೂ ಇದ್ದರು. ಇವರಲ್ಲಿ ತನ್ನನ್ನು ಕೊಂಡುಕೊಳ್ಳುವಷ್ಟು ತಲೆ ಇದ್ದವರು ಯಾರೂ ಕಾಣಲಿಲ್ಲ.

ಅವನು ನೆರವು ಕೇಳಲು ಹೊರಟದ್ದು ಚೈತಾಲಿಯ ಬಳಿಗೆ. ಅವಳು ಮಣಿಪಾಲದಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಪರ್ಕಳದ ಬಾಡಿಗೆ ಕೋಣೆಯಲ್ಲಿ ಕೂತು ಜಾಲದ ಲೆಕ್ಕ ಜಾಲಾಡುವುದು ಅವಳ ಹವ್ಯಾಸ. ಅವನ ಕೂಗಾಟವನ್ನೆಲ್ಲ ಕೇಳಿಕೊಂಡೇ ಕೀಲಿಗಳನ್ನು ಒತ್ತಿದಳು. ಆ ಖಾತೆಯವರು ತಮ್ಮ ಪ್ರತಿಫಲವನ್ನು ಮೊದಲ ಸಲ ತೆಗೆದದ್ದೇ ಇವತ್ತು, ಮೂವತ್ತೈದು ಟೋಕನ್ ಎಂದಳು. ತೆಗೆದ ಕೂಡಲೇ ನಾಲ್ಕು ಖಾತೆಗಳಿಗೆ ಏಳೇಳು ಹೋಗಿದೆ. ಅದರಲ್ಲಿ ಒಂದು ವ್ಯಾಲೆಂಟೈನನದ್ದು. ಉಳಿದವುಗಳಲ್ಲಿ ಒಂದು ಮಸ್ಕತ್ತಿನ ಕಡೆಯದು, ಒಂದು ಮುಂಬಯಿಯದು. ಮತ್ತೊಂದರ ಊರು ಗೊತ್ತಾಗುವುದಿಲ್ಲ.

"ಅಂತರರಾಷ್ಟ್ರೀಯ ಗ್ಯಾಂಗು," ಎಂದ ವ್ಯಾಲೆಂಟೈನ್.

"ಇನ್ನೊಂದು ಉಂಟು. ನೀವು ಇದುವರೆಗೆ ಇಪ್ಪತ್ತೆರಡು ಓಟು ಹಾಕಿದ್ದೀರಿ. ಇವರೂ ಇಪ್ಪತ್ತೆರಡು ಹಾಕಿದ್ದಾರೆ. ಒಂದೂ ಬಿಡದೆ ಎಲ್ಲ ನಿಮಗೆ ಉಲ್ಟಾ."

"ನೋಡಿದಿರಾ? ಹಠ ಹಿಡಿದ ವೈರಿ."

ಚೈತಾಲಿ ತೆರೆಯನ್ನೇ ನೋಡುತ್ತಿದ್ದಳು. "ನನಗೆ ಒಂದು ಸರಿ ಕಾಣುವುದಿಲ್ಲ ಮಾರಾಯ್ರೆ. ನಾಲ್ವರಿಗೂ ಏಳು, ತನಗೂ ಉಳಿಸಿಕೊಂಡದ್ದು ಏಳು. ಲಂಚ ಕೊಡುವವರು ಸಮಪಾಲು ಮಾಡುತ್ತಾರಾ? ನಾಳೆವರೆಗೆ ಕಾಯಿರಿ."

ಕಾಯುವುದು ವ್ಯಾಲೆಂಟೈನನ ಜಾತಕದಲ್ಲೇ ಇರಲಿಲ್ಲ. ಅಲ್ಲೇ ಕೂತು ತುರ್ತು ಪ್ರಸ್ತಾವ ಬರೆದ. ಇಂಥ ಹುಳಗಳನ್ನು ಇವತ್ತು ಬಿಟ್ಟರೆ ನಾಳೆ ಜಾಲವನ್ನೇ ತಿಂದು ತೇಗುತ್ತವೆ ಎಂದು ಕೊನೆಗೊಂದು ಸಾಲು ಸೇರಿಸಿದ. ಮಿಕ್ಕ ನಾಲ್ವರು ಕಾವಲುಗಾರರು ಎಲ್ಲೆಲ್ಲಿಂದಲೋ ಓಟು ಹಾಕಿದರು. ಇಬ್ಬರು ಬೀಗ ಹಾಕಿ ಎಂದರು, ಇಬ್ಬರು ಬೇಡ ಎಂದರು.

ಐದನೆಯ ಓಟು ವ್ಯಾಲೆಂಟೈನನದ್ದು. ಅವನು ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ಒತ್ತಿದ. ಆ ನಲವತ್ತು ಅಕ್ಷರಗಳ ಬಾಲದ ಪಕ್ಕ ಕೆಂಪು ಬೀಗ ಮೂಡಿತು. ಅವರು ಕಟ್ಟಿಹಾಕಿದ ಟೋಕನ್, ಪ್ರತಿಫಲ, ಓಟಿನ ಹಕ್ಕು ಎಲ್ಲ ಒಟ್ಟಿಗೆ ಬಂದ್.

ಈಗ ಅವನಿಗೆ ಹಸಿವಾಯಿತು. ದಾರಿಯಲ್ಲಿ ನಿಲ್ಲಿಸಿ ಗೋಳಿಬಜೆ ತಿಂದ. ಜಾಲದ ಗುಂಪಿನಲ್ಲಿ ಅವನಿಗೆ ಹೊಗಳಿಕೆ ಸುರಿಯುತ್ತಿತ್ತು. ಭಾನುವಾರ ತನ್ನ ಎದುರು ಯಾರೂ ನಿಲ್ಲಲಾರರು ಎಂದುಕೊಂಡು ಮನೆಯಂಗಳದಲ್ಲಿ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದ.

ಗ್ಲ್ಯಾಡಿಸ್ ತನ್ನ ಫೋನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು, ಮುಖ ನಗುತ್ತಿತ್ತು.

"ಕಾರ್ಕಳದಿಂದ ರೋಸಿ," ಎಂದು ಫೋನನ್ನು ಅವನತ್ತ ಚಾಚಿದಳು. "ಗದ್ದೆ ಹೊಸ ರಸ್ತೆಯ ಪಾಲಾದ ಮೇಲೆ ಅವಳಿಗೆ ಬೆಳೆ ಅಂತ ಬಂದದ್ದು ನೀವು ಹಚ್ಚಿಸಿದ ಆ ಸ್ಟೇಕಿಂಗಿನದ್ದು ಮಾತ್ರವಂತೆ, ಹಬ್ಬದ ದಿನವೇ ತೆಗೆದು ಅಣ್ಣತಮ್ಮಂದಿರಿಗೆಲ್ಲ ಸಮಪಾಲು ಹಂಚಿದ್ದಾಳಂತೆ, ದೊಡ್ಡಣ್ಣನಿಗೆ ಮುಟ್ಟಿತಾ ಅಂತ ಕೇಳುತ್ತಾಳೆ."