ಬಿಳಿ ಮಾತ್ರೆ

ಆರು ತಿಂಗಳಲ್ಲಿ ಮೂರನೇ ಸಲ ಮಾಸ್ತಮ್ಮನ ಮಲ ಡಾಂಬರಿನಂತೆ ಕಪ್ಪಾಯಿತು. ಭಟ್ಕಳದ ಮೀನುಪೇಟೆಯಲ್ಲಿ ಬುಟ್ಟಿ ಎತ್ತಲು ಹೋಗಿ ಕುಸಿದಳು. ಸೊಸೆ ಸುಚಿತಾ ಶಾಲೆಗೆ ರಜೆ ಹಾಕಿ, ಎಪ್ಪತ್ತನಾಲ್ಕರ ಅತ್ತೆಯನ್ನು ಹೊನ್ನಾವರದ ಡಾಕ್ಟರ್ ಶ್ರೀಗೌರಿಯವರ ಬಳಿ ಕರೆತಂದಳು.

ಫೈಲು ದಪ್ಪಗಿತ್ತು. ಎರಡು ಸಲ ರಕ್ತ ಕೊಟ್ಟಿದ್ದರು. ಬಾಯಿಂದಲೂ ಕೆಳಗಿನಿಂದಲೂ ಕ್ಯಾಮೆರಾ ಹಾಕಿ ನೋಡಿದ್ದರು. ಹುಣ್ಣಿಲ್ಲ, ಗಡ್ಡೆಯಿಲ್ಲ. ಮಂಡಿನೋವಿನ ಮಾತ್ರೆಯಿಂದ ಆದ ರಕ್ತಸ್ರಾವ ಎಂದು ಕೊನೆಯ ಹಾಳೆಯಲ್ಲಿ ಬರೆದು ಮುಗಿಸಿದ್ದರು. ಅತ್ತೆ ಕದ್ದು ಮಾತ್ರೆ ನುಂಗುತ್ತಾರೆ, ಅವರೇ ಒಪ್ಪಿಕೊಂಡಿದ್ದಾರೆ ಎಂದಳು ಸುಚಿತಾ.

ಶ್ರೀಗೌರಿ ಮಾಸ್ತಮ್ಮನತ್ತ ತಿರುಗಿ, ಮಾತ್ರೆ ಯಾವ ಬಣ್ಣದ್ದೆಂದು ಕೇಳಿದರು. ಬಿಳಿ ಎಂದಳು. ಯಾವ ಅಂಗಡಿಯದು, ದಿನಕ್ಕೆ ಎಷ್ಟು ಎಂದಾಗ ಸೊಸೆಯ ಮುಖ ನೋಡಿದಳು.

"ಅಮ್ಮ, ನಿಜವಾಗ್ಲೂ ನುಂಗಿದ್ರಾ?" ಎಂದರು ಡಾಕ್ಟರ್.

"ಇಲ್ಲ, ಒಂದೂ ನುಂಗ್ಲಿಲ್ಲ. ಇವ್ಳು ದಿನಾ ಕೇಳೂದು, ನನ್ನ ಚೀಲ ಹುಡ್ಕೂದು. ಹೌದು ಅಂದ್ರೆ ಮುಗೀತದೆ ಅಂತ ಹೌದು ಅಂದೆ."

ಸುಚಿತಾಳ ಮುಖ ಸಪ್ಪಗಾಯಿತು. ಆ ಒಂದು ಹೌದಿನ ಮೇಲೆ ಯಾರೂ ಮುಂದೆ ಹುಡುಕಿರಲಿಲ್ಲ.

ಶ್ರೀಗೌರಿ ಮಾಸ್ತಮ್ಮನ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಹೃದಯದ ಕವಾಟ ಕಿರಿದಾಗಿರುವಂತಿದೆ ಎಂದರು. ಹಾಗಾದ ಕೆಲವು ವಯಸ್ಸಾದವರಿಗೆ ಕರುಳಿನ ಸಣ್ಣ ರಕ್ತನಾಳಗಳು ಉಬ್ಬಿ ಸೋರುತ್ತವೆ, ಸೋರದ ದಿನ ನೋಡಿದರೆ ಕಣ್ಣಿಗೆ ಬೀಳುವುದಿಲ್ಲ, ಕವಾಟ ಸರಿಮಾಡಿದರೆ ಹೆಚ್ಚಿನವರಿಗೆ ರಕ್ತ ಹೋಗುವುದು ನಿಲ್ಲುತ್ತದೆ ಎಂದು ವಿವರಿಸಿದರು. ಮತ್ತೆ ರಕ್ತ ಕೊಟ್ಟು ಮಂಗಳೂರಿಗೆ ಕಳಿಸಿದರು. ಅಲ್ಲಿ ಹೃದಯದ ಸ್ಕ್ಯಾನಿಂಗ್‌ನಲ್ಲಿ ಕವಾಟ ಕಿರಿದಾದದ್ದು ಖಚಿತವಾಯಿತು; ನುಂಗಿಸಿದ ಗುಳಿಗೆಯಂಥ ಕ್ಯಾಮೆರಾದಲ್ಲಿ ಸಣ್ಣಕರುಳಿನ ಕೆಂಪು ಚುಕ್ಕೆಗಳು ಕಂಡವು. ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸಿದರು. ಅಲ್ಲಿದ್ದ ಒಂಬತ್ತು ದಿನವೂ ಸುಚಿತಾ ಮಂಚದ ಪಕ್ಕ ನೆಲದ ಮೇಲೆ ಮಲಗಿದಳು. ಚೀಲದ ಮಾತು ಇಬ್ಬರೂ ಎತ್ತಲಿಲ್ಲ.

ಎಂಟು ತಿಂಗಳಾದರೂ ರಕ್ತ ಹೋಗಲಿಲ್ಲ. ತಪಾಸಣೆಗೆ ಬಂದಾಗ, ಊಟ ಸೇರುತ್ತದೆಯೇ ಎಂದು ಶ್ರೀಗೌರಿ ಕೇಳಿದರು. ಉತ್ತರ ಹೇಳಲು ಬಾಯಿ ತೆರೆದ ಸುಚಿತಾ, ತಡೆದುಕೊಂಡು ಅತ್ತೆಯ ಕಡೆ ನೋಡಿದಳು.

ಮಾಸ್ತಮ್ಮ ಡಾಕ್ಟರತ್ತ ತಿರುಗಿದಳು.

"ಸೇರ್ತದೆ. ಆದ್ರೆ ಇವ್ಳ ಮೀನು ಸಾರಿಗೆ ಹುಳಿ ಜಾಸ್ತಿ. ಮದುವೆಯಾಗಿ ಬಂದಾಗಿಂದ್ಲೂ."