ಮಾಸು ಯಾರ ಕಡೆಯದು?

ಮೊಮ್ಮಗಳು ಹುಟ್ಟುವಾಗ ತುಸು ಕಡಿಮೆ ತೂಗಿದ್ದು ಎರಡು ಮನೆತನಗಳ ಮಾನದ ಪ್ರಶ್ನೆಯಾಗಿ ನಿಂತಿತ್ತು. ತಪ್ಪು ಯಾರ ಕಡೆಯದೋ ಅವರ ಮನೆಯಲ್ಲಿ ಬಾಣಂತನ ಕೂಡದು ಎಂದು ಸುಬ್ಬನರಸಯ್ಯನವರ ಹೆಂಡತಿ ಆಸ್ಪತ್ರೆಯಲ್ಲೇ ಸಾರಿದ್ದರು. ಸೊಸೆಯ ತಾಯಿ ಮಗುವನ್ನು ಮಡಿಲಿನಿಂದ ಇಳಿಸಿರಲಿಲ್ಲ. ಕೊನೆಗೆ ಅತ್ತೆಯೇ ಡಾಕ್ಟರನ್ನು ತಡೆದು ಕೇಳಿದರು.

“ಡಾಕ್ಟ್ರೇ, ನೀವೇ ಹೇಳಿ, ಮಗು ಯಾಕೆ ಹೀಗೆ ಸೊರಗಿದೆ?”

“ಮಗುವಿಗೆ ಊಟ ಒದಗಿಸೋ ಮಾಸು, ಅದೇ ಪ್ಲಾಸೆಂಟಾ, ಚಿಕ್ಕದಿತ್ತು ತಾಯಿ, ಹೊಟ್ಟೇಲಿ ಊಟ ಸಾಲಲಿಲ್ಲ. ಈಗ ಚೆನ್ನಾಗಿದಾಳೆ. ಹೀಗೆ ಹುಟ್ಟಿದೋರಿಗೆ ಬಿಪಿ, ಶುಗರ್ ಬರೋ ಸಾಧ್ಯತೆ ತುಸು ಹೆಚ್ಚು, ದೊಡ್ಡವಳಾದ ಮೇಲೆ ಅದರ ಮೇಲೆ ಒಂದು ಕಣ್ಣಿರಲಿ.”

“ನೋಡಿದ್ರಾ! ಮಾಸು ಅಂದ್ರೆ ತಾಯೀದೇ ತಾನೆ?”

“ಅಲ್ಲ, ಅದು ಮಗುವಿನ ಜೊತೆಗೇ ಹುಟ್ಟೋದು. ಅದನ್ನ ಬೆಳೆಸೋದ್ರಲ್ಲಿ ಅಪ್ಪನಿಂದ ಬಂದ ಜೀನ್‌ಗಳದ್ದು ದೊಡ್ಡ ಕೈ.”

ಹೆಂಡತಿ ವಾದದಲ್ಲಿ ಸೋತದ್ದನ್ನು ಈವರೆಗೆ ಕಂಡಿರದ ಸುಬ್ಬನರಸಯ್ಯ ಆಸೆಯಿಂದ ಮುಂದಕ್ಕೆ ಬಾಗಿದರು. ಆಕೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎದ್ದು ಹೋಗಿ ಬೀಗಿತ್ತಿಯ ಪಕ್ಕ ಕೂತರು.

“ನಾನೂ ಆ ಮನೆಗೆ ಹೊರಗಿನಿಂದ ಬಂದವಳೇ ಬೀಗ್ರೇ. ಇದೆಲ್ಲಾ ಇವರ ವಂಶದ ಕರಾಮತ್ತು!”

ಡಿಸ್ಚಾರ್ಜ್ ಆದ ಸಂಜೆ ಬೀಗಿತ್ತಿಯರಿಬ್ಬರೂ ಬಾಣಂತಿಯನ್ನೂ ಮಗುವನ್ನೂ ಕರೆದುಕೊಂಡು ಸೊಸೆಯ ತವರಿಗೆ ಹೊರಟರು. ಇತ್ತ ಮನೆಯಲ್ಲಿ ಸುಬ್ಬನರಸಯ್ಯ, ಮಗ ಇಬ್ಬರೇ ಅನ್ನಕ್ಕಿಟ್ಟರು.