ಮರೆಗುಳಿ ಯಂತ್ರದ ಬೀಗ

ಬೀಪ್ ಎಂದಿತು ಕಂಪ್ಯೂಟರ್. ಕಪ್ಪು ಪರದೆಯ ಮೇಲೆ ಮತ್ತೆ ಅದೇ ಹಾಳು ಸಾಲುಗಳು: ಸಿಮಾಸ್ ಚೆಕ್‌ಸಮ್ ದೋಷ, ತಾರೀಖು ಸರಿಯಿಲ್ಲ, ಮುಂದುವರಿಯಲು ಎಫ್ ಒನ್ ಒತ್ತಿ. ಸೊಸೆ ತಲೆಯ ಮೇಲೆ ಕೈ ಹೊತ್ತು ಕೂತಳು.

ಅವಳು ಮನೆಯಲ್ಲೇ ಮಕ್ಕಳ ಬಟ್ಟೆ ಹೊಲಿದುಕೊಡುವವಳು. ಅಳತೆ ಕೊಟ್ಟರೆ ಕತ್ತರಿಸುವ ನಕ್ಷೆ ಬಿಡಿಸಿಕೊಡುವ ಅವಳ ಪ್ರೋಗ್ರಾಮು ಹೊಸ ಕಂಪ್ಯೂಟರುಗಳಲ್ಲಿ ಓಡುವುದಿಲ್ಲ. ಈ ಮುದಿ ಯಂತ್ರವೇ ಗತಿ. ಅದಕ್ಕೀಗ ಮರೆವಿನ ರೋಗ. ಅವಳು ತಾರೀಖು ಸರಿಪಡಿಸುವುದೇ ತಡ, ನಾಲ್ಕು ದಿನದಲ್ಲಿ ಅದು ಮತ್ತೆ ಇಪ್ಪತ್ತು ವರ್ಷ ಹಿಂದಕ್ಕೆ ಹಾರುತ್ತಿತ್ತು. ಮೊನ್ನೆ ಒಂದು ಕೂಸಿನ ಫ್ರಾಕಿನ ರಸೀದಿಯ ಮೇಲೆ, ಕೂಸಿನ ತಾಯಿಯೇ ಫ್ರಾಕು ತೊಡುತ್ತಿದ್ದ ಕಾಲದ ತಾರೀಖು ಅಚ್ಚಾಗಿತ್ತು. ಆ ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೊಸೆಗೆ ನಗು ಬರಲಿಲ್ಲ.

ಇನ್ನೊಂದು ಸಲ ಕೆಟ್ಟರೆ ಗುಜರಿಗೆ ಎಂದು ಗಂಡ ತೀರ್ಪು ಕೊಟ್ಟಾಗಿತ್ತು. ಊಟ ಮಾಡುವಾಗಲೂ ಅವನು ಫೋನಿನಲ್ಲಿ ಹೊಸ ಲ್ಯಾಪ್‌ಟಾಪುಗಳ ಚಿತ್ರ ನೋಡುತ್ತಿದ್ದ. ಅವನಿಗೆ ಅಡ್ಡ ನಿಂತವರು ಅತ್ತೆ. ತಮ್ಮ ಕೋಣೆಯ ಒಂದು ಮೂಲೆಯನ್ನು ಆ ದರಿದ್ರ ಪೆಟ್ಟಿಗೆ ನುಂಗಿ ಕೂತಿದೆಯೆಂದು ದಿನವೂ ಗೊಣಗುವ ಅತ್ತೆ!

"ನಾನಿರೋ ತನಕ ಆ ಪೆಟ್ಟಿಗೆ ಈ ಮನೆ ಬಿಟ್ಟು ಹೋಗಲ್ಲ," ಎಂದರು ಮಗನಿಗೆ. ಸೊಸೆಯ ಕಣ್ಣು ತುಂಬಿ ಬಂತು. ಇಂಥ ಅತ್ತೆ ಎಷ್ಟು ಜನಕ್ಕೆ ಸಿಗುತ್ತಾರೆ?

ರಿಪೇರಿಯವನು ಬಂದು ಡಬ್ಬ ಬಿಚ್ಚಿದ. ಮೊದಲ ಸಲ ಬಂದಾಗಲೇ ಅವನು ಪಾಠ ಮಾಡಿದ್ದ: ಒಳಗೊಂದು ಗುಂಡು ಬ್ಯಾಟರಿ ಇದೆ, ಪ್ಲಗ್ ಕಿತ್ತಾಗಲೂ ತಾರೀಖು ನೆನಪಿಡುವುದು ಅದರ ಕೆಲಸ, ಅದು ಸತ್ತರೆ ಯಂತ್ರಕ್ಕೆ ತಾನು ಹುಟ್ಟಿದ ಕಾಲವೊಂದೇ ನೆನಪು. ಆಗ ಹೊಸ ಬ್ಯಾಟರಿಯನ್ನೂ ಹಾಕಿದ್ದ. ಅವತ್ತಿನಂತೆ ಇವತ್ತೂ ಅತ್ತೆ ಪಕ್ಕದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು.

ಅವನು ಮೀಟರು ಹಿಡಿದು ನೋಡಿದ. ಹುಬ್ಬೇರಿಸಿದ.

"ಮೇಡಂ, ಬ್ಯಾಟರಿ ಗಟ್ಟಿಮುಟ್ಟಾಗಿದೆ. ಯಾರೋ ಇದನ್ನ ತೆಗೆದು ಮತ್ತೆ ಹಾಕ್ತಾ ಇದ್ದಾರೆ."

ಇದನ್ನು ಬೇರೆ ಯಾರು ಬಳಸುತ್ತಾರೆಂದು ಕೇಳಿದ. ತಾನೊಬ್ಬಳೇ ಎಂದಳು ಸೊಸೆ. ಹೊಲಿಗೆಯ ಪ್ರೋಗ್ರಾಮು ಬಿಟ್ಟರೆ ಅದರಲ್ಲಿ ಇನ್ನೇನೂ ಇಲ್ಲ. ಹಿಂದೊಮ್ಮೆ ಅಣ್ಣನ ಮಗಳು ಒಂದು ಇಸ್ಪೀಟಿನ ಆಟ ಹಾಕಿಕೊಟ್ಟಿದ್ದಳು, ಅದೂ ಒಂದು ತಿಂಗಳು ಪುಕ್ಕಟೆ ಆಡಿಸಿ ಬಾಗಿಲು ಹಾಕಿಕೊಂಡಿತು. ಬ್ಯಾಟರಿ ತೆಗೆದು ಯಾರಿಗೇನು ಲಾಭ ಎಂದು ಯೋಚಿಸುತ್ತಿದ್ದಂತೆ ಇಬ್ಬರ ಕಣ್ಣೂ ಹೊರಗೆ ಫೋನು ನೋಡುತ್ತಿದ್ದ ಗಂಡನ ಮೇಲೆ ಹೋಯಿತು.

ಗಂಡ ಒಳಗೆ ಬಂದು ತಾನಲ್ಲವೆಂದು ಆಣೆ ಮಾಡಿದ. ಅದೂ ಸಾಲದೆಂದು, ನನಗೆ ಬೇಕಿದ್ದರೆ ಇಡೀ ಯಂತ್ರವನ್ನೇ ಎತ್ತಿ ಎಸೆಯುತ್ತಿದ್ದೆ ಎಂದುಬಿಟ್ಟ. ಕೆಲಸ ಕೆಟ್ಟಿತು. ಸೊಸೆ ಮುಖ ಊದಿಸಿಕೊಂಡಳು. ರಿಪೇರಿಯವನು ನಗು ತಡೆದುಕೊಂಡು ಡಬ್ಬದ ಹಿಂದಿನ ಕೊಂಡಿಗೆ ಒಂದು ಪುಟ್ಟ ಬೀಗ ಜಡಿದ.

"ಕೀಲಿಕೈ ಜೋಪಾನ ಮೇಡಂ. ನಂಬಿಕಸ್ತರ ಹತ್ತಿರ ಇರಲಿ."

ಸೊಸೆ ಒಂದು ಕ್ಷಣವೂ ಯೋಚಿಸಲಿಲ್ಲ.

"ನನಗ್ಯಾಕೆ ಕೊಡ್ತೀಯೇ?" ಎಂದರು ಅತ್ತೆ. "ಅದರ ತಲೆಬುಡ ನನಗೆ ಗೊತ್ತಿಲ್ಲ."

"ಅದಕ್ಕೇ ಅತ್ತೆ, ನಿಮಗೇ ಕೊಡ್ತಿರೋದು."

ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು ಅತ್ತೆ ಕೈಚಾಚಿದರು.

ಮರುದಿನ ಮಧ್ಯಾಹ್ನ ಸೊಸೆ ಬಟ್ಟೆ ತಲುಪಿಸಲು ಹೋದಳು. ಗಂಡ ಕೆಲಸಕ್ಕೆ ಹೋಗಿದ್ದ, ಹೆಂಡತಿ ಇನ್ನೂ ಅವನೊಡನೆ ಮಾತು ಬಿಟ್ಟಿದ್ದಳು. ಅತ್ತೆ ಮುಂಬಾಗಿಲಿಗೆ ಚಿಲಕ ಹಾಕಿ, ಪ್ಲಗ್ ಕಿತ್ತು, ಬೀಗ ತೆರೆದರು. ತಲೆಯ ಪಿನ್ನಿನಿಂದ ಗುಂಡು ಬ್ಯಾಟರಿಯನ್ನು ಎಬ್ಬಿಸಿ, ಒಂದು ಲೋಟ ನೀರು ಕುಡಿದು ಬಂದು, ಮತ್ತೆ ಅಲ್ಲೇ ಕೂರಿಸಿದರು. ಬೀಗ ಹಾಕಿ ಯಂತ್ರ ಚಾಲೂ ಮಾಡಿದರು. ಬೀಪ್. ಪರದೆಯತ್ತ ನೋಡದೆಯೇ ಅವರ ಬೆರಳು ಎಫ್ ಒನ್ ಒತ್ತಿತು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಮೌಸನ್ನು ಎರಡು ಸಲ ಒತ್ತಿ, ಕನ್ನಡಕ ಏರಿಸಿ, ಅವರು ನಿಧಾನವಾಗಿ ಓದಿಕೊಂಡರು:

"ಇಸ್ಪೀಟು ಆಟಕ್ಕೆ ಸ್ವಾಗತ. ನೀವು ಇನ್ನೂ ಮೂವತ್ತು ದಿನ ಪುಕ್ಕಟೆ ಆಡಬಹುದು."